ಗುತ್ತಿಯ ಪತ್ರ, ದೇಶನೂರಿನ ಕಾಲುವೆ: ಪ್ರಾದೇಶಿಕ ಗಣಿತ ಸಂಘದ ನಿರ್ವಹಣೆಯನ್ನು ಕುರಿತು ಒಂದು ಜಾನಪದೀಯ ವಿವೇಚನೆ

ತುಂಗಭದ್ರೆಯ ಬಲದಂಡೆಯಲ್ಲಿ ವಿಜಯನಗರ ಕಾಲದ ಕಾಲುವೆಗಳ ಸಾಲೊಂದಿದೆ. ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ ಮೊದಲಾದ ಈ ಕಾಲುವೆಗಳ ಪಟ್ಟಿಯಲ್ಲಿ ದೇಶನೂರು ಕಾಲುವೆಯ ಹೆಸರೂ ಸೇರಿದೆ. ಅಣೆಕಟ್ಟು ಕಟ್ಟಿಸಿದ ಕೀರ್ತಿ ಅರಸರಿಗೆ ಸಂದಿದ್ದರೂ, ನೀರು ಹೊಲದಿಂದ ಹೊಲಕ್ಕೆ ಸರದಿಯಂತೆ ಹರಿಯುವ ಹಾಗೆ ನೋಡಿಕೊಂಡವರು ಹೆಸರಿಲ್ಲದ ರೈತರು ಮತ್ತು ನೀರಗಂಟಿಗಳು. ಜಾನಪದ ಅಧ್ಯಯನವು ಹಾಡು, ಕಥೆ, ಕುಣಿತಗಳಿಗೆ ನೀಡಿದ ಗಮನವನ್ನು ಜನರು ಕೂಡಿ ನಡೆಸುವ ಇಂತಹ ವ್ಯವಸ್ಥೆಗಳಿಗೆ ನೀಡಿದ್ದು ಕಡಿಮೆ. ಭಜನಾ ಮಂಡಳಿ, ಬಯಲಾಟದ ಮೇಳ, ಮುಯ್ಯಾಳಿನ ಗುಂಪು ಇವೆಲ್ಲವೂ ಸಂಘಗಳೇ. ಇವುಗಳಿಗೆ ನಿಯಮಾವಳಿಯ ಪುಸ್ತಕವಿಲ್ಲ, ನಡಾವಳಿಯ ದಾಖಲೆಯಿಲ್ಲ. ಆದರೂ ತಲೆಮಾರುಗಳ ಕಾಲ ನಡೆದುಬಂದಿವೆ. ಇದಕ್ಕೆ ಪ್ರತಿಯಾಗಿ, ನೋಂದಣಿಯಾಗಿ, ಮುದ್ರೆ ಮಾಡಿಸಿ, ಅದ್ಧೂರಿಯಾಗಿ ಉದ್ಘಾಟನೆಗೊಂಡು ಎರಡನೆಯ ಸಭೆಯನ್ನೇ ಕಾಣದ ವಿದ್ಯಾಸಂಘಗಳು ಎಲ್ಲ ತಾಲ್ಲೂಕುಗಳಲ್ಲಿಯೂ ಇವೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ಬಳ್ಳಾರಿ ಸೀಮೆಯಲ್ಲಿಯೇ ಚಿಗುರೊಡೆದ ಗಣಿತ ಸಂಘವೊಂದರ ಇತಿಹಾಸದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಭಾರತೀಯ ಗಣಿತ ಸಂಘದ ಮೂಲವನ್ನು ಹುಡುಕುತ್ತ ಹೋದರೆ ದೊರೆಯುವುದು ಮದ್ರಾಸಾಗಲಿ ಕಲ್ಕತ್ತೆಯಾಗಲಿ ಅಲ್ಲ, ಗುತ್ತಿ. 1800ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದ ಈ ಊರು, 1882ರಲ್ಲಿ ಅನಂತಪುರ ಜಿಲ್ಲೆ ಪ್ರತ್ಯೇಕಗೊಳ್ಳುವವರೆಗೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಬಳ್ಳಾರಿಯಿಂದ ಗುಂತಕಲ್ಲಿನ ಮೂಲಕ ಅಲ್ಲಿಗೆ ಸುಮಾರು 80 ಕಿ.ಮೀ. ದೂರ. ಆಗ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ (1871–1936) ಅವರು 1906ರ ಡಿಸೆಂಬರ್ 25ರಂದು ನಾಡಿನ ಬೇರೆ ಬೇರೆ ಕಡೆಗಳಲ್ಲಿದ್ದ ಗಣಿತಾಸಕ್ತರಿಗೆ ಒಂದು ಪತ್ರ ಬರೆದರು. ಹೊಸ ಗಣಿತದ ಪುಸ್ತಕಗಳೂ ವಿದೇಶಿ ನಿಯತಕಾಲಿಕೆಗಳೂ ಇಲ್ಲಿ ಒಬ್ಬೊಬ್ಬರಿಗೆ ದೊರಕುವುದು ದುಸ್ತರ. ವರ್ಷಕ್ಕೆ 25 ರೂಪಾಯಿ ಚಂದಾ ಕೊಡುವ ಅರ್ಧ ಡಜನ್ ಸದಸ್ಯರು ಸಿಕ್ಕರೂ ಅವನ್ನು ತರಿಸಿ ಎಲ್ಲರೂ ಹಂಚಿಕೊಂಡು ಓದಬಹುದು ಎಂಬುದು ಅದರ ಸಾರ. 1907ರ ಏಪ್ರಿಲ್ 4ರಂದು ಇಪ್ಪತ್ತು ಮಂದಿ ಸದಸ್ಯರೊಡನೆ ‘ಅನಲಿಟಿಕ್ ಕ್ಲಬ್’ ಅಸ್ತಿತ್ವಕ್ಕೆ ಬಂದಿತು. ಅದು ಸ್ವಲ್ಪ ಕಾಲದಲ್ಲಿಯೇ ಇಂಡಿಯನ್ ಮ್ಯಾಥಮ್ಯಾಟಿಕಲ್ ಕ್ಲಬ್ ಆಯಿತು; ಮುಂದೆ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಎಂದು ಹೆಸರು ಪಡೆದು ಇಂದಿಗೂ ನಡೆಯುತ್ತಿದೆ.

ಪತ್ರದ ಒಡಲಲ್ಲಿ ಸಮ್ಮೇಳನದ ಹಂಬಲಕ್ಕಿಂತ ಓದಿನ ಹಸಿವು ಮುಖ್ಯವಾಗಿದ್ದುದು ಗಮನಾರ್ಹ. ಸಂಘದ ಗ್ರಂಥಾಲಯವು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ನೆಲೆಗೊಂಡಿತು. ಅಲ್ಲಿಂದ ಪುಸ್ತಕ, ಪತ್ರಿಕೆಗಳು ಅಂಚೆಯ ಮೂಲಕ ಸದಸ್ಯರಿಗೆ ಹೋಗುತ್ತಿದ್ದವು. ಪುಣೆ, ರಾಯಚೂರು, ಗುಂತಕಲ್ಲು, ಗುತ್ತಿ, ಮದ್ರಾಸುಗಳನ್ನು ಪೋಣಿಸಿದ್ದು ಒಂದೇ ರೈಲುಹಾದಿ ಎಂಬ ಸಂಗತಿಯನ್ನು ಇಲ್ಲಿ ನೆನೆಯಬೇಕು. ಕಾಲೇಜಿಲ್ಲದ ಊರಿನಲ್ಲಿ ಕುಳಿತ ಕಂದಾಯ ಅಧಿಕಾರಿಯೊಬ್ಬನು ಅಖಿಲ ಭಾರತ ಸಂಘವೊಂದನ್ನು ಕಲ್ಪಿಸಿಕೊಳ್ಳಲು ಆ ಹಾದಿಯ ಟಪಾಲು ಗಾಡಿಯೂ ಆಧಾರವಾಗಿದ್ದಿರಬೇಕು.

ಈ ಏರ್ಪಾಡನ್ನು ಜಾನಪದದ ಪರಿಭಾಷೆಯಲ್ಲಿ ಮುಯ್ಯಿ ಎಂದು ಗುರುತಿಸಬಹುದು. ಬಳ್ಳಾರಿ ಸೀಮೆಯ ಮದುವೆಗಳಲ್ಲಿ ಬಂಧುಗಳು ತಂದ ಮುಯ್ಯಿಯನ್ನು ಬರೆದಿಡುವ ವಾಡಿಕೆ ಇರುವುದು ಲೋಭದಿಂದಲ್ಲ. ನಾಳೆ ಅವರ ಮನೆಯ ಕಾರ್ಯಕ್ಕೆ ತಿರುಗಿ ಸಲ್ಲಿಸಬೇಕಾದುದರ ಲೆಕ್ಕ ಅದು. ಹೊಲದ ಕೆಲಸದಲ್ಲಿ ಮುಯ್ಯಾಳು ನಡೆಯುವುದೂ ಹೀಗೆಯೇ. ಇಂದು ಒಬ್ಬರ ಗದ್ದೆಯ ನಾಟಿಗೆ ಕೈ ಜೋಡಿಸಿದವರ ಗದ್ದೆಗೆ ನಾಳೆ ಅವರು ಹೋಗಲೇಬೇಕು. ಋಣವು ಪೂರ್ತಿಯಾಗಿ ತೀರದೆ ಉಳಿಯುವುದರಿಂದಲೇ ಸಂಬಂಧವೂ ಉಳಿಯುತ್ತದೆ. ಅಂಚೆಯಲ್ಲಿ ಬಂದ ಪತ್ರಿಕೆಯನ್ನು ಓದಿ ಹಿಂದಿರುಗಿಸುವ ಸದಸ್ಯನೂ ಇಂತಹ ಋಣಕ್ಕೆ ಒಳಪಟ್ಟವನು. ತಾನು ತಡಮಾಡಿದರೆ ಕಾಯುವ ಇನ್ನೊಬ್ಬನಿದ್ದಾನೆ ಎಂಬ ಅರಿವು ಅವನನ್ನು ಸಂಘಕ್ಕೆ ಕಟ್ಟಿಹಾಕುತ್ತದೆ. ವರ್ಷಕ್ಕೊಮ್ಮೆ ವೇದಿಕೆಯ ಮುಂದೆ ಕುಳಿತು ಎದ್ದುಹೋಗುವ ಸಭಿಕನಿಗೆ ಇಂತಹ ಯಾವ ಋಣವೂ ಇಲ್ಲ.

ಎರಡನೆಯ ಕೊಂಡಿ 1909ರಲ್ಲಿ ಆರಂಭವಾದ ಸಂಘದ ಪತ್ರಿಕೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಎಂ.ಟಿ. ನಾರಾಯಣ ಅಯ್ಯಂಗಾರ್ ಅವರು ಅದನ್ನು ದೀರ್ಘಕಾಲ ಸಂಪಾದಿಸಿದರು. ಪ್ರಬಂಧಗಳಿಗಿಂತ ಹೆಚ್ಚಾಗಿ ಅದರ ಪ್ರಶ್ನೋತ್ತರ ವಿಭಾಗವು ಜಾನಪದ ವಿದ್ವಾಂಸರ ಗಮನವನ್ನು ಸೆಳೆಯಬೇಕು. ಒಬ್ಬ ಸದಸ್ಯನು ಸಮಸ್ಯೆಯನ್ನು ಒಡ್ಡುವನು. ಮುಂದಿನ ಸಂಚಿಕೆಗಳಲ್ಲಿ ಯಾರಾದರೂ ಬಿಡಿಸಬೇಕು. ಯಾರಿಗೂ ಸಾಧ್ಯವಾಗದಿದ್ದರೆ ಒಡ್ಡಿದವನೇ ಬಿಡಿಸಿ ತೋರಿಸಬೇಕು. ಒಗಟಿನ ಕಟ್ಟುಪಾಡು ಇದೇ. ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದದಲ್ಲಿಯೂ ಸವಾಲನ್ನು ಎಸೆದವರಿಗೆ ಜವಾಬು ಗೊತ್ತಿರಲೇಬೇಕು, ಇಲ್ಲವಾದರೆ ಮರ್ಯಾದೆ ಹೋಗುತ್ತದೆ. ಒಗಟು ಕೇಳುವವನ ಕುಲ, ಪದವಿ, ವಯಸ್ಸುಗಳನ್ನು ಯಾರೂ ವಿಚಾರಿಸುವುದಿಲ್ಲ ಎಂಬ ಅಂಶವೂ ಇಲ್ಲಿ ಮುಖ್ಯ. 1911ರಲ್ಲಿ ಪದವಿಯಿಲ್ಲದ, ಕೆಲಸವಿಲ್ಲದ ಶ್ರೀನಿವಾಸ ರಾಮಾನುಜನ್ ಈ ವಿಭಾಗದಲ್ಲಿ ಒಂದು ಸಮಸ್ಯೆಯನ್ನು ಒಡ್ಡಿದರು. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಸಾಗುವ ಪದಸರಣಿಯ ಬೆಲೆಯೇನು ಎಂಬುದು ಆ 289ನೆಯ ಪ್ರಶ್ನೆ. ಮೂರು ಸಂಚಿಕೆಗಳು ಕಳೆದರೂ ಯಾರಿಂದಲೂ ಉತ್ತರ ಬರಲಿಲ್ಲ. ರಾಮಾನುಜನ್ನರೇ ಬಿಡಿಸಿದರು: ಉತ್ತರ ಬರಿಯ ಮೂರು. ಅಡಕತ್ತರಿಯಲ್ಲಿ ಸಿಕ್ಕಂತೆ ಕೇಳುಗನನ್ನು ಹಿಡಿದು, ಬಿಡಿಸಿದಾಗ ‘ಇಷ್ಟೇನೇ’ ಎನ್ನಿಸುವ ಹಳ್ಳಿಯ ಒಗಟಿನ ಗುಣ ಇದರಲ್ಲಿ ಪೂರ್ತಿಯಾಗಿದೆ. ಮುಂದೆ ಅವರು ಐವತ್ತಕ್ಕೂ ಹೆಚ್ಚು ಪ್ರಶ್ನೆಗಳನ್ನು ಇದೇ ಪತ್ರಿಕೆಗೆ ಕೊಟ್ಟರು.

ಬರ್ನೂಲಿ ಸಂಖ್ಯೆಗಳನ್ನು ಕುರಿತ ರಾಮಾನುಜನ್ನರ ಮೊದಲ ಪ್ರಬಂಧವು ಅದೇ ವರ್ಷ ಅಚ್ಚಾಯಿತು. ಅದಕ್ಕೆ ಮೊದಲು ಹಸ್ತಪ್ರತಿಯು ತಿದ್ದುಪಡಿಗಾಗಿ ಹಲವು ಬಾರಿ ಲೇಖಕರಿಗೆ ಮರಳಿತ್ತು. ಅವರ ವಿಧಾನವು ಹೊಸದೂ ಅಡಕವೂ ಆಗಿದ್ದು, ನಿರೂಪಣೆ ಸ್ಪಷ್ಟವಾಗಿಲ್ಲದ ಕಾರಣ ಸಾಮಾನ್ಯ ಓದುಗನು ಹಿಂಬಾಲಿಸಲಾರನೆಂಬುದು ಸಂಪಾದಕರ ಅಭಿಪ್ರಾಯವಾಗಿತ್ತು. ಸಂಘ ನಡೆಸುವವರ ನಿಜವಾದ ಶ್ರಮ ಕಾಣಿಸುವುದು ಇಲ್ಲಿ. ಅರ್ಥವಾಗದ ಬರಹವನ್ನು ಬದಿಗಿಡುವುದು ಸುಲಭ. ಅದನ್ನು ಹಿಂದಿರುಗಿಸಿ, ತಿದ್ದಿಸಿ, ಮತ್ತೆ ತರಿಸಿಕೊಳ್ಳುವ ತಾಳ್ಮೆಗೆ ಯಾವ ಸನ್ಮಾನವೂ ಇಲ್ಲ.

ರಾಮಾನುಜನ್ನರ ಬದುಕಿನ ತಿರುವುಗಳಲ್ಲಿ ಬರುವ ಹೆಸರುಗಳನ್ನು ಗಮನಿಸಿದರೆ ಸಂಘದ ಇನ್ನೊಂದು ಮುಖ ಗೋಚರಿಸುತ್ತದೆ. 1910ರಲ್ಲಿ ಅವರು ನೌಕರಿ ಕೇಳಿಕೊಂಡು ತಿರುಕ್ಕೋಯಿಲೂರಿಗೆ ಹೋದದ್ದು, ಅಷ್ಟರಲ್ಲಿ ಅಲ್ಲಿಗೆ ವರ್ಗವಾಗಿದ್ದ ಇದೇ ರಾಮಸ್ವಾಮಿ ಅಯ್ಯರರ ಬಳಿಗೆ. ಕಂದಾಯ ಇಲಾಖೆಯ ಕೆಳದರ್ಜೆಯ ಕೆಲಸ ಕೊಟ್ಟರೆ ಈ ಪ್ರತಿಭೆ ನಂದಿಹೋದೀತೆಂದು ತಿಳಿದ ಅವರು ಮದ್ರಾಸಿನ ಗಣಿತಜ್ಞರಿಗೆ ಪರಿಚಯ ಮಾಡಿಕೊಟ್ಟರು. ಕೆಲಕಾಲ ಹಣದ ನೆರವು ನೀಡಿದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರರಾವ್ ಸಂಘದ ಪ್ರಮುಖರಲ್ಲಿ ಒಬ್ಬರು. 1912ರಲ್ಲಿ ಮದ್ರಾಸು ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸಕ್ಕೆ ಸೇರಿದಾಗ ಅಲ್ಲಿ ಬೆನ್ನಿಗೆ ನಿಂತ ಎಸ್. ನಾರಾಯಣ ಅಯ್ಯರ್ ಸಂಘದ ಖಜಾಂಚಿ. ಬಿಡಿಬಿಡಿಯಾಗಿ ಇವರು ಒಬ್ಬ ಅಧಿಕಾರಿ, ಒಬ್ಬ ಲೆಕ್ಕಿಗ, ಒಬ್ಬ ಅಧ್ಯಾಪಕ ಅಷ್ಟೇ. ಸಂಘವೊಂದು ಇದ್ದುದರಿಂದ ಇವರ ನಡುವೆ ಮಾತು ಓಡಾಡಿತು.

ಹಾಗೆಂದು ಈ ಸಂಘವನ್ನು ಕೊಂಡಾಡಿ ಬಿಡುವಂತಿಲ್ಲ. ಗುಮಾಸ್ತನ ತಿಂಗಳ ಸಂಬಳ 30 ರೂಪಾಯಿ ಇದ್ದ ಕಾಲದಲ್ಲಿ ವರ್ಷದ ಚಂದಾ 25 ರೂಪಾಯಿ ಎಂದರೆ, ಬಾಗಿಲು ಯಾರಿಗೆ ತೆರೆದಿತ್ತೆಂಬುದು ಸ್ಪಷ್ಟ. ವ್ಯವಹಾರದ ಭಾಷೆ ಇಂಗ್ಲಿಷು. ಆದರೆ ಗುತ್ತಿಯ ಸುತ್ತಲಿನ ಸೀಮೆಗೆ ತನ್ನದೇ ಆದ ಲೆಕ್ಕದ ಸಂಪ್ರದಾಯವಿತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಸರಕಾರಕ್ಕೆ ಸಲ್ಲಿಸಿದ ವರದಿಯಂತೆ ಅಂದಿನ ಜಿಲ್ಲೆಯಲ್ಲಿ 533 ದೇಶೀಯ ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಕಲಿತ ಮಕ್ಕಳು ಕಲಿಯುವ ಮಕ್ಕಳಿಗೆ ಪಾಠ ಹೇಳುವ ಪದ್ಧತಿಯನ್ನು ಅವನು ಮೆಚ್ಚಿ ಬರೆದಿದ್ದಾನೆ. ಮುಂಜಾನೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರಂತೆ. ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರಿಕೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬುದಕ್ಕೆ ಸೊನ್ನೆಯನ್ನು ಗುರುತಾಗಿಸಿದ ಈ ಆಚರಣೆ ಗಣಿತದ ಜಾನಪದಕ್ಕೆ ಅಪೂರ್ವ ಉದಾಹರಣೆ. (ಸಭೆಗಳಿಗೆ ತಡವಾಗಿ ಬರುವ ಗಣ್ಯರಿಗೆ ಇದನ್ನು ಅನ್ವಯಿಸಿದರೆ ಏಟುಗಳ ಲೆಕ್ಕವಿಡಲು ಪ್ರತ್ಯೇಕ ಕಾರ್ಯದರ್ಶಿ ಬೇಕಾದೀತು.) ಕಾಲು, ಅರೆ, ಮುಕ್ಕಾಲುಗಳ ಮಗ್ಗಿ, ಸೇರು–ಕೊಳಗಗಳ ಬಾಯಿಲೆಕ್ಕ, ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ದಿಂದ ಮೊದಲ್ಗೊಂಡು ಕನ್ನಡದಲ್ಲಿ ಬೆಳೆದ ಲೆಕ್ಕದ ಮಾತು ಇವುಗಳೆಲ್ಲ ಇಂಗ್ಲಿಷಿನ ಸಂಘದಿಂದ ದೂರವೇ ಉಳಿದವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಿಗೆ ಇಂದು ಗಣಿತ ಸಂಘವೊಂದು ಬೇಕೆಂದಾದರೆ ಅದು ಕನ್ನಡದಲ್ಲಿ ನಡೆಯಬೇಕು. ತೆಲುಗಿನ ಮಕ್ಕಳ ಮಾತಿಗೂ ಅಲ್ಲಿ ಎಡೆಯಿರಬೇಕು.

ಸಭೆಗಳ ವಿಷಯಕ್ಕೆ ಬಂದರೆ, ಭಾರತೀಯ ಗಣಿತ ಸಂಘವು ತನ್ನ ಮೊದಲ ಸಮ್ಮೇಳನವನ್ನು ಮದ್ರಾಸಿನಲ್ಲಿ ನಡೆಸಿದ್ದು 1916ರಲ್ಲಿ, ಅಂದರೆ ಹುಟ್ಟಿದ ಒಂಬತ್ತು ವರ್ಷಗಳ ಅನಂತರ. ಅನಂತರದವು 1919ರಲ್ಲಿ ಮುಂಬಯಿಯಲ್ಲಿ, 1921ರಲ್ಲಿ ಲಾಹೋರಿನಲ್ಲಿ. ಬಯಲಾಟದ ಮೇಳದವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆದ ಮೇಲೆಯೇ ಆಟ ರಂಗಕ್ಕೆ ಬರುವುದು. ಮೇಳವಾಗಿ ಅವರು ಬಾಳುವುದು ಆ ತಾಲೀಮಿನ ರಾತ್ರಿಗಳಲ್ಲಿ. ಸ್ಥಾಪಕರಾದ ರಾಮಸ್ವಾಮಿ ಅಯ್ಯರ್ ಮೊದಲು ವಹಿಸಿಕೊಂಡದ್ದು ಕಾರ್ಯದರ್ಶಿಯ ಹೊಣೆಯನ್ನು. ಮೊದಲ ಅಧ್ಯಕ್ಷರು ಬಿ. ಹನುಮಂತರಾವ್. ಸ್ಥಾಪಕರು ಅಧ್ಯಕ್ಷಪೀಠಕ್ಕೆ ಬಂದದ್ದು 1926ರಲ್ಲಿ.

ಸಿರುಗುಪ್ಪ ಭಾಗದಲ್ಲಿ ಸಭೆಯ ದಿನವನ್ನು ಗೊತ್ತುಪಡಿಸುವವರು ಉತ್ತರ ಕರ್ನಾಟಕದ ಮಠಗಳ ತಿಂಗಳ ಶಿವಾನುಭವ ಗೋಷ್ಠಿಯನ್ನು ಮಾದರಿಯಾಗಿ ನೋಡಬಹುದು. ಅದಕ್ಕೆ ಆಮಂತ್ರಣ ಪತ್ರಿಕೆ ಬೇಕಿಲ್ಲ, ದಿನ ಎಲ್ಲರಿಗೂ ಗೊತ್ತು. ದಾಸೋಹದ ಸೇವೆ ಮನೆಯಿಂದ ಮನೆಗೆ ಸರದಿಯಂತೆ ಹೋಗುತ್ತದೆ. ಗಣಿತ ಸಂಘಕ್ಕೆ ತಿಂಗಳ ಒಂದು ನಿಶ್ಚಿತ ಶನಿವಾರ, ಅರ್ಧ ದಿನದ ಶಾಲೆ ಬಿಟ್ಟ ಮೇಲಿನ ಹೊತ್ತು ಸಾಕು. ಪ್ರತಿ ಸಲವೂ ಬೇರೆ ಊರಿನ ಶಾಲೆ ಆತಿಥ್ಯ ವಹಿಸಬೇಕು. ಕೊನೆಯ ಬಸ್ಸು ಹೊರಡುವುದಕ್ಕೆ ಮೊದಲು ಸಭೆ ಮುಗಿಯಬೇಕು. ಶಾಲು, ಹಾರ, ವಂದನಾರ್ಪಣೆಗಳನ್ನು ಬಿಟ್ಟರೆ ಎರಡು ಗಂಟೆಗಳಲ್ಲಿ ಮೂರು ಸಮಸ್ಯೆಗಳನ್ನು ಚರ್ಚಿಸಲು ತೊಡಕಿಲ್ಲ. ರಾಮಾನುಜನ್ನರ ಜನ್ಮದಿನವಾದ ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನವಾಗಿರುವುದರಿಂದ ದೊಡ್ಡ ಸಭೆಯನ್ನು ಅಂದೇ ಇಡುವ ಆಸೆ ಸಹಜ. ಆದರೆ ಕಾಲುವೆಯ ಭತ್ತದ ಕೊಯ್ಲು, ಒಕ್ಕಣೆಗಳು ಅದರ ಆಸುಪಾಸಿನಲ್ಲಿಯೇ ಬೀಳುತ್ತವೆ. ಮಾರ್ಚ್, ಏಪ್ರಿಲ್ ಪರೀಕ್ಷೆಯ ಕಾಲ. ತಂದೆತಾಯಿಗಳೂ ಬರಬೇಕೆಂದರೆ ಎರಡರ ನಡುವಿನ ಬಿಡುವನ್ನು, ಊರ ಜಾತ್ರೆಯನ್ನೂ ನೋಡಿಕೊಂಡು, ಆಯಾ ಊರಿನವರನ್ನೇ ಕೇಳಿ ಆರಿಸಿಕೊಳ್ಳಬೇಕು.

ಇನ್ನು ಸರದಿಯ ಪ್ರಶ್ನೆ ಉಳಿಯುತ್ತದೆ. ಕಾಲುವೆಯ ತಲೆಭಾಗದವರು ತಮಗೆ ಬೇಕಾದಷ್ಟು ಬಳಸಿ ಉಳಿದ ನೀರು ಕೊನೆಯಂಚಿನವರಿಗೆ ಎಂಬುದು ತುಂಗಭದ್ರೆಯ ರೈತರಿಗೆ ಗೊತ್ತಿರುವ ಹಳೆಯ ನೋವು. ವಿದ್ಯೆಯ ಸಂಘಗಳಲ್ಲಿಯೂ ಪುಸ್ತಕ, ಉಪನ್ಯಾಸಕ, ಅನುದಾನಗಳೆಲ್ಲ ಜಿಲ್ಲಾ ಕೇಂದ್ರದಲ್ಲಿ ಇಂಗಿಹೋಗಿ ಹಳ್ಳಿಯ ಶಾಲೆಗೆ ಸುತ್ತೋಲೆಯಷ್ಟೇ ತಲುಪುವುದುಂಟು. ಸಂಘವು ಪ್ರಶ್ನೆಗಳ ಒಂದು ಕೈಬರಹದ ಪುಸ್ತಕವನ್ನು ಶಾಲೆಯಿಂದ ಶಾಲೆಗೆ ಕಳುಹಿಸುವುದಾದರೆ, ಪ್ರತಿ ಶಾಲೆಯೂ ಒಂದು ಸಮಸ್ಯೆಯನ್ನು ಬಿಡಿಸಿ ಇನ್ನೊಂದನ್ನು ಬರೆದು ಮುಂದಕ್ಕೆ ಸಾಗಿಸುವುದಾದರೆ, ಅದರ ಮೊದಲ ಪುಟವನ್ನು ದೇಶನೂರಿನ ಮಕ್ಕಳು ಬರೆಯಬೇಕು. ಅಲ್ಲಿಂದ ಸಿರುಗುಪ್ಪ, ಅನಂತರ ಕುರುಗೋಡು. ಬಳ್ಳಾರಿ ನಗರದ ಸರದಿ ಕೊನೆಗೆ.