ಕಲ್ನಾರು ಧೂಳಿನ ಸಂಪರ್ಕ ಮತ್ತು ಕೆಲಸದ ದಾಖಲೆಯ ಮಹತ್ವ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ಗೋವಾ ಹಾಗೂ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಕಲ್ನಾರು (ಆಸ್ಬೆಸ್ಟಾಸ್) ಸಿಮೆಂಟ್ ಶೀಟುಗಳನ್ನು ಕತ್ತರಿಸುವಾಗ, ಕೊರೆಯುವಾಗ ಅಥವಾ ಹಳೆಯ ಛಾವಣಿಯನ್ನು ಒಡೆದು ತೆಗೆಯುವಾಗ ಕಣ್ಣಿಗೆ ಕಾಣದ ನಾರು ಉಸಿರಿನೊಂದಿಗೆ ಶ್ವಾಸಕೋಶವನ್ನು ಸೇರುತ್ತದೆ. ಧೂಳು ಮೆತ್ತಿದ ಬಟ್ಟೆಯ ಮೂಲಕ ಮನೆಯವರಿಗೂ ತಗಲುವ ಸಂಭವವಿರುತ್ತದೆ.

ಇದರಿಂದ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಹಾಗೂ ಮೆಸೊಥೆಲಿಯೋಮಾ ಎಂಬ ರೋಗಗಳು ಉಂಟಾಗುತ್ತವೆ. ಲಕ್ಷಣಗಳು ಸಾಮಾನ್ಯವಾಗಿ 10ರಿಂದ 40 ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಕಾರ್ಮಿಕನು ಊರಿಗೆ ಮರಳಿರುತ್ತಾನೆ. ಹಿಂದಿನ ಕೆಲಸದ ಮಾಹಿತಿ ಇಲ್ಲದಿದ್ದಲ್ಲಿ ಕೆಮ್ಮು ಮತ್ತು ಏದುಸಿರನ್ನು ಕ್ಷಯವೆಂದು ಭಾವಿಸುವ ಸಾಧ್ಯತೆಯಿದೆ.

ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರ ತೀರ್ಪಿನಲ್ಲಿ, ಕಲ್ನಾರು ಕೈಗಾರಿಕೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವುಗಳಲ್ಲಿ ಯಾವುದು ನಂತರದ್ದೋ ಅಲ್ಲಿಯವರೆಗೆ ಕಾಪಾಡಬೇಕೆಂದು ನಿರ್ದೇಶಿಸಿದೆ.

ಗುತ್ತಿಗೆದಾರರ ಬಳಿ ದಿನಗೂಲಿಗೆ ದುಡಿದವರಿಗೆ ಇಂತಹ ದಾಖಲೆ ದೊರೆಯದಿರಬಹುದು. ಆದ್ದರಿಂದ ಕೆಳಕಂಡವುಗಳನ್ನು ತಾವೇ ಕಾಯ್ದಿರಿಸಿಕೊಳ್ಳುವುದು ಸೂಕ್ತ:

1. ಕೆಲಸ ಮಾಡಿದ ಸ್ಥಳ, ವರ್ಷ, ಕೆಲಸದ ಸ್ವರೂಪ ಹಾಗೂ ಗುತ್ತಿಗೆದಾರರ ಹೆಸರು
2. ವೇತನ ಚೀಟಿ, ಇ.ಎಸ್.ಐ. ಕಾರ್ಡು, ಕಟ್ಟಡ ಕಾರ್ಮಿಕರ ಗುರುತಿನ ಚೀಟಿ
3. ಎದೆಯ ಎಕ್ಸ್-ರೇ ಮತ್ತು ವೈದ್ಯರ ವರದಿಗಳು

ಚಿಕಿತ್ಸೆಗೆ ಹೋದಾಗ ಈ ವಿವರಗಳನ್ನು ವೈದ್ಯರಿಗೆ ತಿಳಿಸತಕ್ಕದ್ದು. ಪರಿಹಾರ ಕೋರುವ ಅರ್ಜಿದಾರರು ರೋಗಕ್ಕೂ ಮಾಡಿದ ಕೆಲಸಕ್ಕೂ ಇರುವ ಸಂಬಂಧವನ್ನು ತೋರಿಸಲು ಇವೇ ಆಧಾರವಾಗುತ್ತವೆ.