ಸೇನೆಯಲ್ಲಿ ಮತಪ್ರಚಾರ: ಗೆರೆ ಎಲ್ಲಿದೆ?

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿ ಸರ್ಕಾರದ ಕೈಯನ್ನು ಎರಡು ಕಡೆ ಕಟ್ಟುತ್ತದೆ. ಸರ್ಕಾರ ಯಾವ ಧರ್ಮವನ್ನೂ ಹೇರುವಂತಿಲ್ಲ, ಯಾರ ಧರ್ಮಾಚರಣೆಯನ್ನೂ ತಡೆಯುವಂತಿಲ್ಲ.

ಸೈನಿಕ ಪ್ರಾರ್ಥಿಸಬಹುದು, ಜೊತೆಗಾರರೊಂದಿಗೆ ತನ್ನ ನಂಬಿಕೆಯ ಬಗ್ಗೆ ಮಾತಾಡಬಹುದು. ಅದೇ ಮಾತನ್ನು ಮೇಲಧಿಕಾರಿ ಆಡಿದರೆ ಕೈಕೆಳಗಿನವರಿಗೆ ಅದು ಆದೇಶದಂತೆ ಕೇಳಿಸುತ್ತದೆ. ಅವರ ರಜೆ, ಬಡ್ತಿಗಳೆಲ್ಲ ಆ ಅಧಿಕಾರಿಯ ಶಿಫಾರಸಿನ ಮೇಲೆ ನಿಂತಿರುತ್ತವೆ.

ಒಂದು ಕಾಲದಲ್ಲಿ ಸೇನಾ ಅಕಾಡೆಮಿಗಳ ಕೆಡೆಟ್‌ಗಳಿಗೆ ವಾರದ ಪ್ರಾರ್ಥನೆ ಕಡ್ಡಾಯವಾಗಿತ್ತು. 1972ರಲ್ಲಿ ‘ಆ್ಯಂಡರ್ಸನ್ ವಿರುದ್ಧ ಲೇರ್ಡ್’ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಅಸಾಂವಿಧಾನಿಕ ಎಂದಿತು. 1985ರ ‘ಕ್ಯಾಟ್ಕಾಫ್ ವಿರುದ್ಧ ಮಾರ್ಷ್’ ತೀರ್ಪು ಸರ್ಕಾರಿ ಸಂಬಳದ ಸೇನಾ ಧರ್ಮಗುರುಗಳ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಮನೆಯಿಂದ ದೂರವಿರುವ ಸೈನಿಕರ ಧರ್ಮಾಚರಣೆಗೆ ಅದು ಬೇಕು ಎಂಬುದು ಕಾರಣ.

2004ರಲ್ಲಿ ಕೊಲೊರಾಡೊದ ವಾಯುಪಡೆ ಅಕಾಡೆಮಿಯಲ್ಲಿ ಫುಟ್‌ಬಾಲ್ ಕೋಚ್ ಒಬ್ಬರು ಲಾಕರ್ ಕೋಣೆಯಲ್ಲಿ ಯೇಸು ಕ್ರಿಸ್ತನ ತಂಡವೆಂದು ಸಾರುವ ಬ್ಯಾನರ್ ಕಟ್ಟಿದರು. ಅದನ್ನು ತೆಗೆಸಲಾಯಿತು. ಮರುವರ್ಷ ವಾಯುಪಡೆಯೇ ಅಕಾಡೆಮಿಯ ಧಾರ್ಮಿಕ ವಾತಾವರಣದ ಪರಿಶೀಲನೆ ನಡೆಸಿತು. ನಾಯಕರು ಹುದ್ದೆಯ ಬಲದಿಂದ ಧರ್ಮ ಪ್ರಚಾರ ಮಾಡಬಾರದೆಂದು 2012ರ ವಾಯುಪಡೆ ನಿಯಮ ಹೇಳಿತು.

ಇರಾಕ್, ಅಫ್ಘಾನಿಸ್ತಾನಗಳಲ್ಲಿದ್ದ ಪಡೆಗಳಿಗಂತೂ ‘ಸಾಮಾನ್ಯ ಆದೇಶ 1’ ಯಾವುದೇ ಧರ್ಮದ ಮತಪ್ರಚಾರವನ್ನು ನಿಷೇಧಿಸಿತ್ತು.