ಬಿಸಿನೀರಿಲ್ಲದ ಕಾರಟಗಿಯಲ್ಲಿ ಎರಡು ರಾತ್ರಿ

ಜಪಾನಿನ ಕಿನೊಸಾಕಿ ಬಿಸಿನೀರಿನ ಬುಗ್ಗೆಗಳ ಪುಟ್ಟ ಊರು. ಒಂದೆರಡು ರಾತ್ರಿಗೆಂದು ಬಂದ ಗಂಡ-ಹೆಂಡತಿ ಯುಕಾತಾ ಎಂಬ ತೆಳು ನಿಲುವಂಗಿ ತೊಟ್ಟು, ಕಟ್ಟಿಗೆಯ ಚಪ್ಪಲಿ ಕಟಕಟ ಅನ್ನಿಸುತ್ತ, ಹೊಳೆದಂಡೆಗುಂಟ ಸಾರ್ವಜನಿಕ ಸ್ನಾನಗೃಹಗಳನ್ನು ಸುತ್ತುತ್ತಾರೆ. ವಸತಿಗೃಹದೊಳಗೇ ಸ್ನಾನದ ಕೊಳ ಇರಬಹುದೇ ಎಂಬ ವ್ಯಾಜ್ಯ ಅಲ್ಲಿ ದಶಕಗಳ ಕಾಲ ನಡೆದು, 1950ರಲ್ಲಿ ರಾಜಿಯಾಯಿತು: ಒಳಗಿನ ಕೊಳ ಚಿಕ್ಕದಿರಬೇಕು. ಅಂದರೆ ಅತಿಥಿ ಬೀದಿಗೆ ಬರಲೇಬೇಕು. ಆ ಊರನ್ನು ಉಳಿಸಿದ್ದು ಬರೀ ಬಿಸಿನೀರಲ್ಲ, ಈ ನಡಿಗೆ.

ಹಾಗಾದರೆ ಕೊಪ್ಪಳ ಜಿಲ್ಲೆಯ ಕಾರಟಗಿ? ಭತ್ತ, ರೈಸ್ ಮಿಲ್, ತುಂಗಭದ್ರಾ ಎಡದಂಡೆ ಕಾಲುವೆ ಬಿಟ್ಟರೆ ಇಲ್ಲೇನಿದೆ, ಯಾರು ಉಳಿಯುತ್ತಾರೆ ಅಂತ ಕೇಳುವವರಿದ್ದಾರೆ. ಆದರೆ ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುವ ಮಾತು ಹುಟ್ಟಿದ್ದೇ ಈ ಸೀಮೆಯಲ್ಲಿ. ಆ ಕನಕಗಿರಿ ಕಾರಟಗಿಗೆ ನೆರೆ. ಅಲ್ಲಿ ಕನಕಾಚಲಪತಿ ಗುಡಿಯಿದೆ. ಊರಾಚೆ ನಾಯಕರ ಕಾಲದ ವೆಂಕಟಪ್ಪನ ಬಾವಿಯಿದೆ. ಅರಸರ ಸ್ನಾನಕ್ಕೆಂದು ಕಟ್ಟಿದ್ದು, ಮೆಟ್ಟಿಲಿಳಿದು ಕಂಬಗಳ ನೆರಳಲ್ಲಿ ಕೂತರೆ ಏಳಲು ಮನಸ್ಸಾಗದು. ಹೊತ್ತು ಇಳಿದ ಮೇಲೆ ಕಾಲುವೆ ಏರಿಯ ಮೇಲೆ ಹಸಿ ಭತ್ತದ ವಾಸನೆ.

ಪ್ರವಾಸಿಗರು ಬಂದರೆ ಊರು ಕೆಡುತ್ತದೆ ಎಂಬ ಭಯ ಸುಳ್ಳಲ್ಲ. ಹಂಪಿ ಬಳಿಯ ವಿರುಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರಲ್ಲಿ ಕೆಡವಬೇಕಾಯಿತು. ಆದರೆ ಅಲ್ಲೇ ಹತ್ತಿರದ ಆನೆಗೊಂದಿ ನೋಡಿ: ಹಳೆಯ ಮನೆಗಳೇ ಹೋಮ್‌ಸ್ಟೇ ಆಗಿವೆ, ಊರಿನ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲ ಮಾಡಿ ಮಾರುತ್ತಾರೆ. ಕಾರಟಗಿಗೂ ಬೇಕಾದದ್ದು ರೆಸಾರ್ಟ್ ಅಲ್ಲ. ಶುಚಿಯಾದ ನಾಲ್ಕು ಕೋಣೆ, ಜೋಳದ ರೊಟ್ಟಿ, ಕನಕಗಿರಿಗೆ ಹೊತ್ತಿಗೆ ಸರಿಯಾಗಿ ಒಂದು ಬಸ್ಸು.